ಲಕ್ಷ ಜನ ನೋಡಿದ ಪೇಟ

ಮೈಸೂರಿನಲ್ಲಿ ಎರಡೇ ಬಗೆಯ ಜನ: ಸನ್ಮಾನ ಆದವರು, ಸನ್ಮಾನಕ್ಕೆ ದಿನ ಗೊತ್ತಾದವರು. ಮೂರನೆಯ ಬಗೆ ಇಲ್ಲವೆಂದಲ್ಲ, ಅವರು ಸನ್ಮಾನ ಸಮಿತಿಯಲ್ಲಿರುತ್ತಾರೆ. ನಿವೃತ್ತರಾದರೆ ಸನ್ಮಾನ, ಅರವತ್ತಾದರೆ ಸನ್ಮಾನ, ಮಂಡಿ ಆಪರೇಷನ್ ಮಾಡಿಸಿಕೊಂಡು ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಬಡಾವಣೆಯ ಹಿತರಕ್ಷಣಾ ಸಮಿತಿಯಿಂದ ಸನ್ಮಾನ. ಇಂಥ ಊರಿನಲ್ಲಿ ಪೇಟದ ಅಂಗಡಿ ಇಟ್ಟವನು ಕುಬೇರನಾಗಿರಬೇಕು ಎಂದು ನೀವು ಭಾವಿಸಿದರೆ ತಪ್ಪಲ್ಲ. ನಮ್ಮ ಮಾವನವರೂ ಹಾಗೇ ಭಾವಿಸಿ ಮಗಳನ್ನು ಕೊಟ್ಟರು. ಆದರೆ ಸನ್ಮಾನದ ವೇದಿಕೆಯನ್ನು ಹತ್ತಿರದಿಂದ ನೋಡಿದವರಿಗೆ ಒಳಗುಟ್ಟು ಗೊತ್ತು. ಒಂದು ಸಂಘಕ್ಕೆ ಒಂದೇ ಪೇಟ. ಅದನ್ನು ದೊಡ್ಡವರ ತಲೆಗಿಟ್ಟು, ಫೋಟೋ ಹೊಡೆಸಿ, ಅವರು ಗದ್ಗದಿತರಾಗಿ ಮಾತಿಗೆ ನಿಲ್ಲುವುದರೊಳಗೆ ಹಿಂದಿನಿಂದ ಯಾರೋ ಮೆಲ್ಲಗೆ ಎತ್ತಿಕೊಂಡು ಹೋಗಿ ಪೆಟ್ಟಿಗೆಯಲ್ಲಿಡುತ್ತಾರೆ. ಶಾಲು ಮನೆಗೆ ಹೋಗುತ್ತದೆ, ಹಣ್ಣಿನ ಬುಟ್ಟಿ ಮನೆಗೆ ಹೋಗುತ್ತದೆ, ಪೇಟ ಮಾತ್ರ ಮುಂದಿನ ತಲೆಗೆ ಕಾಯುತ್ತದೆ. ನಮ್ಮ ತಾತ ಮಾರಿದ ಪೇಟದಲ್ಲೇ ಇವತ್ತಿಗೂ ಸನ್ಮಾನ ನಡೆಸುತ್ತಿರುವ ಸಂಘಗಳಿವೆ. ತಾತನ ಕಟ್ಟು ಅಷ್ಟು ಗಟ್ಟಿ. ಸ್ವಲ್ಪ ಸಡಿಲ ಕಟ್ಟಿದ್ದರೆ ಮೊಮ್ಮಗ ಸುಖವಾಗಿರುತ್ತಿದ್ದ.

ತಾತ ಅರಮನೆಯಲ್ಲಿ ಪೇಟ ಕಟ್ಟುವ ಕೆಲಸದಲ್ಲಿದ್ದವರು. ಆ ಕೆಲಸ ಹೋದ ಮೇಲೆ ಪಕ್ಕದ ನಜರ್‌ಬಾದಿನಲ್ಲೇ ಒಂದು ಮಳಿಗೆ ಬಾಡಿಗೆಗೆ ಹಿಡಿದು ಕೂತರು. ನನ್ನ ಕಾಲಕ್ಕೆ ಆ ಅಂಗಡಿಯಲ್ಲಿ ಕೂರುತ್ತಿದ್ದವಳು ನನ್ನ ಹೆಂಡತಿ ವಿಶಾಲು. ನಾನು ಮಾಲೀಕ. ಮಾಲೀಕನ ಕೆಲಸವೆಂದರೆ ಬೆಳಗ್ಗೆ ರಾಮಕೃಷ್ಣನಗರದ ಮನೆಯಿಂದ ಅವಳನ್ನು ಸ್ಕೂಟರಿನಲ್ಲಿ ತಂದು ಬಿಡುವುದು, ಸಂಜೆ ವಾಪಸು ಕರೆದುಕೊಂಡು ಹೋಗುವುದು, ನಡುವೆ ವ್ಯಾಪಾರವನ್ನು ಹೇಗೆ ಬೆಳೆಸಬೇಕೆಂದು ಯೋಚಿಸುವುದು. ವಿಶಾಲು ಯೋಚಿಸುತ್ತಿರಲಿಲ್ಲ, ಮಾರುತ್ತಿದ್ದಳು. ಮದುವೆ ಗಂಡಿನ ತಲೆಗೆ ನಾಲ್ಕು ಪೇಟ ಇಟ್ಟು ತೆಗೆದು, ಗಂಡಿನ ಸೋದರಮಾವನ ತಲೆಗೂ ಒಂದು ಇಟ್ಟು, 'ನಿಮಗೇ ಚೆನ್ನಾಗಿ ಒಪ್ಪುತ್ತೆ ಕಣ್ರೀ' ಅಂದು ಎರಡು ಕಟ್ಟಿ ಕೊಡುತ್ತಿದ್ದಳು. ಅಂಗಡಿಗೆ ಬರುವವರೆಲ್ಲ ಅವಳ ಲೆಕ್ಕದಲ್ಲಿ ಗಿರಾಕಿಗಳಲ್ಲ. ಮೃಗಾಲಯಕ್ಕೆ ದಾರಿ ಕೇಳುವವರು, ನೂರಕ್ಕೆ ಚಿಲ್ಲರೆ ಕೇಳುವವರು, ಬಿಸಿಲಿಗೆ ನೆರಳು ಹುಡುಕಿ ನಿಂತವರು, ಇವರೆಲ್ಲ ಬರೀ ಬಂದವರು. 'ತಲೆ ಕೊಟ್ಟೋರು ಮಾತ್ರ ಗಿರಾಕಿ' ಎನ್ನುವುದು ಅವಳ ಸಿದ್ಧಾಂತ. ಇದನ್ನು ನಾನು ಹಳೇ ಕಾಲದ ವಿಚಾರ ಎಂದು ತಿಳಿದಿದ್ದೆ.

ಹೊಸ ಕಾಲದ ವಿಚಾರ ನನಗೆ ಬಂದದ್ದು ಅವಳ ತಮ್ಮ ಪ್ರಸನ್ನನಿಂದ. ಬೀದಿಗೊಂದು ಸೈಬರ್ ಸೆಂಟರ್ ಏಳುತ್ತಿದ್ದ ಆ ದಿನಗಳಲ್ಲಿ ಅವನೂ ರಾಮಕೃಷ್ಣನಗರದಲ್ಲಿ ಒಂದು ತೆರೆದಿದ್ದ. ಪ್ಲೈವುಡ್ಡಿನ ಗೂಡುಗಳು, ಒಂದೊಂದಕ್ಕೂ ಒಂದು ಕಂಪ್ಯೂಟರ್, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬೇಕೆಂಬ ಬೋರ್ಡು. ಒಂದು ಭಾನುವಾರ ಊಟಕ್ಕೆ ಬಂದವನು ಹುಳಿಯನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದ: 'ಭಾವ, ಅಂಗಡಿ ಬಾಗಿಲು ತೆಗೆದು ಜನ ಬರ್ತಾರೆ ಅಂತ ಕಾಯೋದೆಲ್ಲ ಹೋಯ್ತು. ಈಗ ಅಂಗಡೀನೇ ಜನರ ಹತ್ರ ಹೋಗ್ಬೇಕು. ಒಂದು ವೆಬ್‌ಸೈಟ್ ಮಾಡ್ಕೊಡ್ತೀನಿ, ಪ್ರಪಂಚಾನೇ ನೋಡುತ್ತೆ.' ಪ್ರಪಂಚ ನೋಡುತ್ತದೆ ಎಂದರೆ ಬೇಡ ಎನ್ನಲು ನಾನ್ಯಾರು? ತಿಂಗಳೊಳಗೆ ಸೈಟು ಸಿದ್ಧವಾಯಿತು. ತೆರೆದ ಕೂಡಲೇ ದೀಪ ಹಾಕಿದ ಅರಮನೆ ಮಿಣಮಿಣ ಎನ್ನುತ್ತಿತ್ತು, ಮುಂದೆ ಒಂದು ಪೇಟ ಗಿರಗಿರ ತಿರುಗುತ್ತಿತ್ತು, ಹಿನ್ನೆಲೆಯಲ್ಲಿ ಯಾರೂ ಕೇಳದಿದ್ದರೂ ವೀಣೆ ನುಡಿಯುತ್ತಿತ್ತು. ಕೆಳಗೆ ಒಂದು ಪುಟ್ಟ ಕಪ್ಪು ಪಟ್ಟಿ; ಅದರಲ್ಲಿ ಆವರೆಗೆ ಎಷ್ಟು ಜನ ಭೇಟಿ ಕೊಟ್ಟಿದ್ದಾರೆಂಬ ಸಂಖ್ಯೆ. ನನ್ನನ್ನು ಕೆಡಿಸಿದ್ದು ಅರಮನೆಯೂ ಅಲ್ಲ, ವೀಣೆಯೂ ಅಲ್ಲ, ಆ ಪಟ್ಟಿ.

ಮೊದಲ ವಾರ ಅದು ತಾನಾಗಿ ಏರಲಿಲ್ಲ. ನಾನು ಪ್ರಸನ್ನನ ಸೆಂಟರಿಗೆ ಹೋಗಿ ಒಮ್ಮೆ ನೋಡಿದರೆ ಒಂದು ಹೆಚ್ಚುತ್ತಿತ್ತು, ಮತ್ತೆ ನೋಡಿದರೆ ಮತ್ತೊಂದು. ಹೆಚ್ಚಿತಲ್ಲ ಎಂದು ಸಂತೋಷಪಟ್ಟು ಇನ್ನೊಮ್ಮೆ ನೋಡುತ್ತಿದ್ದೆ, ಆಗಲೂ ಹೆಚ್ಚಿರುತ್ತಿತ್ತು. ನಂತರ ಮನೆಗೇ ಕಂಪ್ಯೂಟರ್ ಬಂತು. ಸ್ವಲ್ಪ ದಿನಕ್ಕೆ ಆ ಸಂಖ್ಯೆ ನಾನು ನೋಡದಿದ್ದಾಗಲೂ ಏರತೊಡಗಿತು. ಏರಿತು ಎಂದರೆ ಹಾಲು ಉಕ್ಕಿದ ಹಾಗೆ. ಸ್ನಾನಕ್ಕೆ ಹೋಗುವ ಮುಂಚೆ ನೋಡಿದರೆ ಒಂದು, ಸಂಧ್ಯಾವಂದನೆ ಮುಗಿಸಿ ನೋಡಿದರೆ ಇನ್ನೊಂದು. ನನ್ನ ಸಂಧ್ಯಾವಂದನೆ ಚಿಕ್ಕದಾಯಿತು. ಪಕ್ಕದ ಮನೆಯವರು 'ಏನು ರಾಯರೇ, ಹೇಗಿದೀರಿ' ಅಂದರೆ ಆರೋಗ್ಯ ಹೇಳುವ ಬದಲು ಸಂಖ್ಯೆ ಹೇಳುತ್ತಿದ್ದೆ. ವಿಶಾಲು ಸಂಜೆ ಬಂದು 'ಇವತ್ತು ಆರು ತಲೆ' ಅಂದರೆ ನನಗೆ ಕನಿಕರವಾಗುತ್ತಿತ್ತು. 'ನಂದು ಆರು ನೂರು' ಅನ್ನುತ್ತಿದ್ದೆ. 'ತಗೊಂಡ್ರಾ?' ಎಂದು ಅವಳು ಕೇಳುತ್ತಿದ್ದಳು. ಈ ಪ್ರಶ್ನೆಯಲ್ಲಿದ್ದ ಕೊಂಕು ನನಗೆ ಹಿಡಿಸುತ್ತಿರಲಿಲ್ಲ. 'ನೋಡ್ತಿದಾರೆ ಕಣೇ, ಪೇಟ ಏನು ಸೊಪ್ಪೇ, ನೋಡಿದ ತಕ್ಷಣ ತಗೊಳ್ಳೋದಕ್ಕೆ? ಯೋಚನೆ ಮಾಡ್ತಿದಾರೆ' ಎಂದು ಪ್ರಪಂಚದ ಪರವಾಗಿ ನಾನೇ ಉತ್ತರ ಹೇಳುತ್ತಿದ್ದೆ.

ಪತ್ರಗಳು ಬರಲಿಲ್ಲವೆಂದಲ್ಲ. ಒಬ್ಬರು ಅರಮನೆಯ ದೀಪ ಯಾವ ವಾರ ಹಾಕುತ್ತಾರೆ ಎಂದು ಕೇಳಿದರು. ಇನ್ನೊಬ್ಬರು ಈ ಟೋಪಿ ಹಿಮ ಬೀಳುವಾಗ ಕಿವಿ ಬೆಚ್ಚಗಿಡುತ್ತದೆಯೇ ಎಂದರು. ಆಮೇಲೆ ಒಂದು ದಿನ ಆಫ್ರಿಕಾ ಖಂಡದ ಒಬ್ಬ ರಾಜಕುಮಾರನಿಂದ ಓಲೆ ಬಂತು. ತಂದೆ ತೀರಿಹೋಗಿದ್ದಾರೆ, ದೊಡ್ಡ ಭಂಡಾರವಿದೆ, ನಿಮ್ಮಂಥ ಸಜ್ಜನರ ಸಹಾಯ ಬೇಕು, ಬ್ಯಾಂಕಿನ ವಿವರ ಕಳಿಸಿ ಎಂದು ಇತ್ತು. ನನಗೆ ಕಣ್ಣು ತುಂಬಿ ಬಂತು. ತಾತ ಅರಮನೆಯಲ್ಲಿ ಪೇಟ ಕಟ್ಟಿದ ಪುಣ್ಯ, ಖಂಡಾಂತರದ ರಾಜವಂಶವೊಂದು ಮೊಮ್ಮಗನನ್ನು ಹುಡುಕಿಕೊಂಡು ಬಂದಿದೆ. ತಂದೆ ಹೋದ ಮೇಲೆ ಪಟ್ಟಾಭಿಷೇಕ ಇದ್ದೇ ಇರುತ್ತದಲ್ಲ. ಸಂತಾಪ ಸೂಚಿಸಿ, 'ದಯವಿಟ್ಟು ಹಣೆಯ ಮೇಲಿಂದ ಕಿವಿಯ ಹಿಂಬದಿಗೆ ಸುತ್ತಿ ತಲೆಯ ಅಳತೆ ಕಳಿಸಬೇಕು' ಎಂದು ಬರೆದೆ. ಅವನು ಬ್ಯಾಂಕಿನ ವಿವರ ಕೇಳಿದ. ನಾನು ಅಳತೆ ಕೇಳಿದೆ. ಮೊದಲು ಬ್ಯಾಂಕು ಅಂದ. ಮೊದಲು ಅಳತೆ ಅಂದೆ. ಹೀಗೆ ಹದಿನೈದು ದಿನ ಜಗ್ಗಾಡಿ ಕೊನೆಗೆ ಅವನೇ ಬೇಸತ್ತು ಸುಮ್ಮನಾದ. ತಲೆಯ ಅಳತೆ ಕೊಡಲು ಹಿಂಜರಿಯುವವನು ಸಿಂಹಾಸನದ ಮೇಲೆ ಏನು ಕೂತಾನು ಎಂದು ನಾನೂ ಬಿಟ್ಟೆ.

ಅಷ್ಟರಲ್ಲಿ ಬೇಸಿಗೆ ಬಂತು. ಮೇ ತಿಂಗಳಲ್ಲಿ ಸಂಖ್ಯೆಗೆ ಹುಚ್ಚು ಹಿಡಿಯಿತು. ಒಂದು ದಿನವಂತೂ ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಏರಿದ್ದನ್ನು ನೋಡಿ ನಾನು ಊಟವನ್ನೇ ಮರೆತೆ. ಲಗ್ನದ ಕಾಲ, ಲೋಕದ ಗಂಡುಗಳೆಲ್ಲ ಪೇಟ ಹುಡುಕುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಇಂಥ ಹೊತ್ತಿನಲ್ಲಿ ನಜರ್‌ಬಾದಿನ ಆ ಇಕ್ಕಟ್ಟು ಅಂಗಡಿ ಯಾಕೆ ಎನ್ನಿಸಿತು. ಮಳಿಗೆಯ ಮಾಲೀಕರು ಶಿವಬಸಪ್ಪನವರು ವರ್ತಕರ ಸಂಘದ ಅಧ್ಯಕ್ಷರು, ತಲೆಮಾರುಗಳಿಂದ ಮಠಕ್ಕೆ ನಡೆದುಕೊಂಡು ಬಂದ, ಮಾತು ಕೊಟ್ಟರೆ ತಪ್ಪದ ಮನುಷ್ಯ. ಅವರ ಸೊಸೆ ಶಿಲ್ಪಾ ಬ್ಯೂಟಿ ಪಾರ್ಲರ್ ಇಡಲು ಜಾಗ ಹುಡುಕುತ್ತಿದ್ದಳು. ನಾನೇ ಹೋಗಿ, ಅಂಗಡಿ ಬಿಟ್ಟುಕೊಡುತ್ತೇನೆ ಎಂದೆ. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. 'ನಿಮ್ ತಾತನ ಕಾಲದ ಅಂಗಡಿ ರಾಯ್ರೆ. ನಾನಾಗಿ ಯಾವತ್ತೂ ಕೇಳ್ತಿರ್ಲಿಲ್ಲ. ನೀವೇ ಬುಡ್ತೀನಿ ಅಂದ್ರೆ ಬ್ಯಾಡ ಅನ್ನೋಕಾಯ್ತದಾ? ಆಷಾಢ ಕಳೀಲಿ, ಶ್ರಾವಣದಲ್ಲಿ ಬೀಗದ ಕೈ ಕೊಡಿ' ಅಂದರು.

ಮನೆಗೆ ಬಂದು ವಿಶಾಲುಗೆ ಹೇಳಿದೆ. ಅವಳು ಜಗಳವಾಡುತ್ತಾಳೆ ಎಂದು ಸಿದ್ಧನಾಗಿ ಬಂದಿದ್ದೆ, ಉತ್ತರಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಅವಳು ಜಗಳವಾಡಲಿಲ್ಲ. ಬಿಡಿಸುತ್ತಿದ್ದ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟಳು. 'ಅತ್ತೆ ಕೈಹಿಡಿದು ಆ ಗಲ್ಲಾ ಮುಂದೆ ಕೂರಿಸಿದಾಗ ನಂಗೆ ಇಪ್ಪತ್ತೊಂದು. ಆ ಅಂಗಡಿ ಬಿಟ್ಟು ನಾನು ಮನೇಲಿ ಏನ್ ಮಾಡ್ಲಿ? ನಿಮ್ಮ ಪಕ್ಕ ಕೂತ್ಕೊಂಡು ನಂಬರ್ ನೋಡ್ಲಾ?' ಅಂದಳು. ನನಗೆ ಸಂಕಟವಾಯಿತು, ನಿಜ. ಆದರೆ ಅದೇ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಸಂಖ್ಯೆ ಎಷ್ಟಾಗಿದೆಯೋ ಎಂಬ ಕುತೂಹಲವೂ ಆಯಿತು. ಎದ್ದು ನೋಡಿಬಂದೆ. ಬಂದು ನೋಡಿದರೆ ಅವಳು ಸೊಪ್ಪನ್ನು ಅಲ್ಲೇ ಬಿಟ್ಟು ಹೋಗಿ ಮಲಗಿದ್ದಳು. ಆ ದಿನದಿಂದ ಅಂಗಡಿಯ ಬೀಗದ ಕೈ ಗೋಡೆಯ ಮೊಳೆ ಬಿಟ್ಟು ಅವಳ ಸೆರಗಿನ ತುದಿಗೆ ಹೋಯಿತು.

ನಾನು ರಾಜೀವನಗರದ ಸಲೀಂ ಸಾಹೇಬರಿಗೆ ಪೇಟಗಳಿಗೆ ಹೇಳಿಬಂದೆ. ನಮಗೆ ಅಚ್ಚಿನ ಮೇಲೆ ಸಿದ್ಧ ಪೇಟ ಕಟ್ಟಿಕೊಡುವವರು ಅವರೇ. 'ಎಷ್ಟು?' ಅಂದರು. 'ಸಾಕು ಅನ್ನೋವರೆಗೂ ಕಟ್ಟಿ' ಅಂದೆ. ಅಂಗಡಿ ಹೋಗುವುದರಿಂದ ಎಲ್ಲವನ್ನೂ ಮನೆಗೇ ತರಿಸಿದೆ. ಇಲ್ಲಿ ಒಂದು ವಿಷಯ ಹೇಳಬೇಕು. ಪೇಟವನ್ನು ಒಂದರ ಮೇಲೊಂದು ಪೇರಿಸಿದರೆ ಆಕಾರ ಕೆಡುತ್ತದೆ. ಅದು ತಲೆಯಂಥ ಗುಂಡಗಿನ ವಸ್ತುವಿನ ಮೇಲೇ ಕೂರಬೇಕು. ಅಚ್ಚುಗಳು ಮುಗಿದವು. ತಂಬಿಗೆಗಳಿಗೆ ಇಟ್ಟೆ, ಬಿಂದಿಗೆಗಳಿಗೆ ಇಟ್ಟೆ, ಉಪ್ಪಿನಕಾಯಿ ಜಾಡಿಗಳಿಗೆ ಇಟ್ಟೆ. ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ, ಗ್ಯಾಸ್ ಸಿಲಿಂಡರಿಗೆ, ಅಂಗಳದ ತುಳಸಿಕಟ್ಟೆ ಒಂದನ್ನು ಬಿಟ್ಟು ಮನೆಯಲ್ಲಿ ತಲೆಯೆತ್ತಿ ನಿಂತಿದ್ದ ಸಕಲ ವಸ್ತುಗಳಿಗೂ ಪೇಟ. ಅಡುಗೆಮನೆಗೆ ಹೋದರೆ ಯಾವುದೋ ದರ್ಬಾರಿಗೆ ತಡವಾಗಿ ಬಂದ ಹಾಗೆ ಕೈಮುಗಿಯಬೇಕೆನಿಸುತ್ತಿತ್ತು. ಸಾಸಿವೆ ಡಬ್ಬಕ್ಕೆ ಸನ್ಮಾನವಾಗಿದೆ, ಇದನ್ನು ತೆಗೆದು ಒಗ್ಗರಣೆ ಹಾಕುವುದು ಹೇಗೆ? ಮೀಟರ್ ನೋಡಲು ಬಂದವರು ಸಿಲಿಂಡರನ್ನು ನೋಡಿ, ಏನು ಸಮಾರಂಭ ಎಂದು ಕೇಳಿ ಹೋದರು. ಮನೆಯೊಳಗೆ ಬರಿತಲೆಯಲ್ಲಿ ಉಳಿದದ್ದು ಅಟ್ಟದ ಮೇಲಿನ ಅಜ್ಜಿಯ ಕಾಲದ ಹಿತ್ತಾಳೆ ಕೊಳಗ ಒಂದೇ. ಅದರ ಗಾತ್ರಕ್ಕೆ ಯಾವ ಪೇಟವೂ ಹಿಡಿಯಲಿಲ್ಲ.

ಆಷಾಢ ಕಾಲಿಟ್ಟಿತು. ಆಷಾಢದಲ್ಲಿ ನಮ್ಮಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ, ಸನ್ಮಾನವೂ ಅಷ್ಟಾಗಿ ಇಲ್ಲ. ಆದರೂ ಸಂಖ್ಯೆ ನಿಲ್ಲಲಿಲ್ಲ. ವಿಶಾಲು ಒಂದು ದಿನ ಬಿಂದಿಗೆಯ ತಲೆಯಿಂದ ಪೇಟ ಇಳಿಸಿ ನೀರು ಬಗ್ಗಿಸಿಕೊಳ್ಳುತ್ತ, 'ಆಷಾಢದಲ್ಲಿ ಯಾರ್ರೀ ಪೇಟ ನೋಡ್ತಾರೆ?' ಎಂದಳು. 'ಅಮೆರಿಕದಲ್ಲಿ ಆಷಾಢ ಇಲ್ಲ ಕಣೇ' ಎಂದೆ. ಅವಳು ಪೇಟವನ್ನು ಮತ್ತೆ ಬಿಂದಿಗೆಗೆ ತೊಡಿಸಿ ಹೋದಳು. ಮನಸ್ಸಿಗೆ ಸ್ವಲ್ಪ ಚುರುಕ್ ಎಂದಿತು. ಆದರೆ ಮರುದಿನವೇ ಸಂಖ್ಯೆ ಲಕ್ಷ ದಾಟಿತು, ಅದರ ಮಾರನೆಯ ದಿನ ಸೈಟಿನ ಮೂಲಕ ಮೊಟ್ಟಮೊದಲ ಆರ್ಡರು ಬಂತು. ಒಂದು ಪೇಟ, ಅಪ್ಪಟ ಜರಿಯದು, ಅಂಗಡಿಗೇ ಬಂದು ಒಯ್ಯುತ್ತೇವೆ. ಹೆಸರಿನ ಜಾಗದಲ್ಲಿ 'ಅಭಿಮಾನಿ' ಎಂದಷ್ಟೇ ಇತ್ತು.

ನಾನು ಹಾಲಿನಿಂದ ಅಡುಗೆಮನೆಗೂ ಅಡುಗೆಮನೆಯಿಂದ ಹಾಲಿಗೂ ಓಡಾಡಿದೆ. 'ಬಂತಲ್ಲ, ಬಂತಲ್ಲ' ಎಂದು ವಿಶಾಲುಗೂ ಹೇಳಿದೆ, ಸಿಲಿಂಡರಿಗೂ ಹೇಳಿದೆ. ಆಮೇಲೆ ತಲೆಯ ಅಳತೆ ಓದಿ ದಂಗಾದೆ. ನಮ್ಮ ಅಂಗಡಿಯ ಅತಿ ದೊಡ್ಡ ಅಚ್ಚಿಗಿಂತ ಎರಡು ಬೆರಳು ದೊಡ್ಡದು. 'ಇದೇನು ತಲೆಯೋ ಬೂದುಗುಂಬಳಕಾಯಿಯೋ? ಇಷ್ಟು ದೊಡ್ಡದರ ಒಳಗೆ ಏನಿರಬಹುದು?' ಎಂದು ನಕ್ಕೆ. 'ಏನೂ ಇರಲ್ಲ ಬಿಡಿ' ಎಂದಳು ವಿಶಾಲು. ಬಹಳ ದಿನಗಳ ಮೇಲೆ ಅವಳೂ ನಕ್ಕಳು. ಈ ಒಂದು ಪೇಟವನ್ನು ಸಲೀಂ ಸಾಹೇಬರಿಗೆ ಕೊಡದೆ ನಾನೇ ಕಟ್ಟಿದೆ. ಮುಗಿದ ಮೇಲೆ ಇಡಲು ಅಚ್ಚಿಲ್ಲ. ಕೊನೆಗೆ ಅಟ್ಟದ ಕೊಳಗವನ್ನು ಇಳಿಸಿ ಅದರ ಮೇಲಿಟ್ಟೆವು. ಹೇಳಿ ಮಾಡಿಸಿದ ಹಾಗೆ ಕೂತಿತು. ಮರುದಿನ ವಿಶಾಲು ಅದನ್ನು ಅಂಗಡಿಗೆ ಕೊಂಡುಹೋದಳು, ಅಭಿಮಾನಿಯ ಕಡೆಯವರು ಬಂದು ಒಯ್ದರು ಎಂದು ಸಂಜೆ ಹೇಳಿದಳು.

ಎರಡು ದಿನಕ್ಕೆ ಶಿವಬಸಪ್ಪನವರು ಸಂಘದ ಕಾರ್ಯದರ್ಶಿಯನ್ನು ಕರೆದುಕೊಂಡು ಮನೆಗೆ ಬಂದರು. ಪೇಟ ತೊಟ್ಟ ಟೀವಿಯ ಎದುರು ಕೂತು, 'ನಮ್ ನಜರ್‌ಬಾದಿನ ಅಂಗಡೀನ ಲಕ್ಷ ಜನ ನೋಡವ್ರೆ ಅಂದ್ರೆ ಸುಮ್ನೆ ಮಾತಾ? ಸಂಘದಿಂದ ನಿಮ್ಗೆ ಒಂದು ಸನ್ಮಾನ. ಬೀಗದ ಕೈ ಕೊಡೋದೂ ಅಲ್ಲೇ, ಎಲ್ಲರ ಮುಂದೆ ಆಗೋಗ್ಲಿ' ಎಂದರು. ಶ್ರಾವಣದ ಮೊದಲ ಶುಕ್ರವಾರ ಎಂದು ನಿಶ್ಚಯವಾಯಿತು. ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ 'ಅಂತರಜಾಲ ರತ್ನ' ಎಂದು ಅಚ್ಚಾಯಿತು.

ಸಮಾರಂಭದ ಹಿಂದಿನ ದಿನ ಮನೆಯ ಕಂಪ್ಯೂಟರ್ ಕೆಟ್ಟಿತು. ಸಂಖ್ಯೆ ನೋಡದೆ ಇರಲಾಗದೆ ಪ್ರಸನ್ನನ ಸೆಂಟರಿಗೆ ಹೋದೆ. ಯಾವುದೋ ಪರೀಕ್ಷೆಯ ಫಲಿತಾಂಶದ ದಿನ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಗೂಡುಗಳ ತುಂಬ ಕಾಲೇಜು ಹುಡುಗ ಹುಡುಗಿಯರು. ಒಳಗೆ ಕಾಲಿಟ್ಟರೆ ಎಲ್ಲ ಗೂಡುಗಳಿಂದಲೂ ಒಂದಾದ ಮೇಲೊಂದು ವೀಣೆ. ಇಣುಕಿದರೆ ಪ್ರತಿ ಪರದೆಯ ಮೇಲೂ ನನ್ನ ಪೇಟ ತಿರುಗುತ್ತಿದೆ. ಒಬ್ಬಳು ಪಕ್ಕದವಳಿಗೆ, 'ಥೂ, ಮತ್ತೆ ಈ ಪೇಟ ಬಂತಲ್ಲೇ' ಎಂದು ಅದನ್ನು ಮುಚ್ಚಿ ತನ್ನ ನಂಬರು ಹುಡುಕತೊಡಗಿದಳು. ನಾನು ಪ್ರಸನ್ನನ ಮುಖ ನೋಡಿದೆ. ಅವನ ಮುಖದಲ್ಲಿ ಹೆಮ್ಮೆ ತುಂಬಿತ್ತು. 'ನೋಡಿದ್ರಾ ಭಾವ? ಇಲ್ಲಿ ಯಾರು ಇಂಟರ್ನೆಟ್ ತೆಗೆದ್ರೂ ಮೊದಲು ನಿಮ್ಮ ಸೈಟೇ ಬರೋ ಹಾಗೆ ಹಾಕಿದೀನಿ. ಕುವೆಂಪುನಗರ, ದಟ್ಟಗಳ್ಳಿ, ಎಲ್ಲಾ ಕಡೆ ಸೆಂಟರ್ ಇಟ್ಟಿರೋ ಫ್ರೆಂಡ್ಸ್‌ಗೂ ಹೇಳಿ ಹಾಕಿಸಿದೀನಿ. ನಿಮ್ಮ ಪೇಟ ನೋಡ್ದೆ ಒಬ್ಬನೂ ಮುಂದಕ್ಕೆ ಹೋಗೋ ಹಾಗಿಲ್ಲ.'

ಅಲ್ಲಿಗೆ ಮೇ ತಿಂಗಳು ಅರ್ಥವಾಯಿತು, ಆಷಾಢವೂ ಅರ್ಥವಾಯಿತು. ಅಮೆರಿಕವೆಂದು ನಾನು ತಿಳಿದದ್ದು ದಟ್ಟಗಳ್ಳಿ. ಲಗ್ನಕ್ಕೆ ಪೇಟ ಹುಡುಕುತ್ತಿದ್ದ ಲೋಕದ ಗಂಡುಗಳೆಲ್ಲ ಗಣಿತದಲ್ಲಿ ಪಾಸಾಯಿತೋ ಇಲ್ಲವೋ ಎಂದು ನೋಡಲು ಬಂದ ಮಕ್ಕಳು. ಹುಡುಗನನ್ನು ಬೈಯುವುದಾದರೂ ಹೇಗೆ? ಅವನು ಸುಳ್ಳು ಹೇಳಿರಲಿಲ್ಲ, ಸೇವೆ ಮಾಡಿದ್ದ. ನೋಡಿದವರು ನೋಡಿದ್ದೂ ನಿಜವೇ. ಅಂಗಡಿಗೆ ನೆರಳಿಗೆಂದು ಬಂದು ನಿಲ್ಲುವವರನ್ನು ವಿಶಾಲು ಗಿರಾಕಿಗಳ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ, ನಾನು ಸೇರಿಸಿದ್ದೆ. ರಾತ್ರಿ ಊಟಕ್ಕೆ ಕೂತಾಗ ಹೇಳೋಣವೆಂದುಕೊಂಡೆ. ಸೆರಗಿನ ತುದಿಯ ಬೀಗದ ಕೈ ನೋಡಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಸಮಾರಂಭ ಚೆನ್ನಾಗಿಯೇ ನಡೆಯಿತು. ಪ್ರಾರ್ಥನೆ, ಸ್ವಾಗತ, ಶಾಲು, ಹಾರ. ಕಾರ್ಯದರ್ಶಿ ತಟ್ಟೆಯಲ್ಲಿ ಪೇಟ ತಂದರು. ನಾನು ಕಟ್ಟಿದ್ದೇ ಅದು, ನನ್ನ ಕೈಯ ಮಡಿಕೆ ನನಗೆ ಗೊತ್ತಾಗದೇ? ನೋಡುತ್ತಿದ್ದಂತೆಯೇ ಶಿವಬಸಪ್ಪನವರು ಅದನ್ನು ನನ್ನ ತಲೆಯ ಮೇಲಿಟ್ಟರು. ಒಂದು ಕೂದಲೆಳೆ ಅಲುಗದಂತೆ ಕೂತಿತು. ಸನ್ಮಾನದ ಪೇಟವೆಂದರೆ ಕಣ್ಣಿನ ಮೇಲೆ ಜಾರಬೇಕು, ಇಲ್ಲವೇ ನೆತ್ತಿಯ ಮೇಲೆ ಒಲೆಗುಂಡಿನ ಹಾಗೆ ನಿಲ್ಲಬೇಕು. ಸಭಿಕರು ಅಂಥದ್ದನ್ನೇ ಕಂಡವರು. ಮುಂದಿನ ಸಾಲಿನಲ್ಲಿ ಗುಜುಗುಜು ಆಯಿತು. ಮೈಕು ನನ್ನ ಕೈಗೆ ಬಂತು. ನಿಜ ಹೇಳಿಬಿಡುತ್ತೇನೆ, ಸನ್ಮಾನ ಹೋದರೆ ಹೋಗಲಿ, ಅಂಗಡಿ ಉಳಿಯಲಿ ಎಂದು ಬಾಯಿ ತೆರೆದೆ. 'ಈ ಲಕ್ಷ ಅನ್ನೋದು' ಎಂದದ್ದೇ ತಡ, ಚಪ್ಪಾಳೆ. ಅದು ನಿಲ್ಲುವುದರೊಳಗೆ ಶಿವಬಸಪ್ಪನವರ ಸೊಸೆ ಶಿಲ್ಪಾ ವೇದಿಕೆಯ ಪಕ್ಕಕ್ಕೆ ಬಂದು ಮಾವನ ಕಿವಿಯಲ್ಲಿ ಏನೋ ಹೇಳಿದಳು. ಅವರು ನನ್ನ ಕೈಯಿಂದ ಮೈಕು ತೆಗೆದುಕೊಂಡರು.

'ನೋಡಿ, ನಮ್ ಸೊಸೆಗೆ ಈಗ ಅಂಗಡಿ ಬ್ಯಾಡ್ವಂತೆ. ಬಾಗ್ಲು ತಕ್ಕೊಂಡು ಕೂತ್ರೆ ಬೀದೀಲಿ ಓಗೋರು ಬತ್ತಾರೆ. ರಾಯ್ರಂಗೆ ಇಂಟರ್ನೆಟ್ಟಲ್ಲಿ ಇಟ್ರೆ ಲಕ್ಷ ಜನ ಬತ್ತಾರೆ. ಅವ್ಳೂ ಪಾರ್ಲರ್‌ನ ಅದ್ರಲ್ಲೇ ಇಡ್ತಾಳಂತೆ. ರಾಯ್ರೆ, ಬೀಗದ ಕೈ ನಿಮ್ತಾವೇ ಇರ್ಲಿ ಬುಡಿ' ಎಂದರು. ಹುಬ್ಬು ತಿದ್ದುವ ಕೆಲಸವನ್ನು ಇಂಟರ್ನೆಟ್ಟಿನಲ್ಲಿ ಹೇಗೆ ಮಾಡುತ್ತಾರೆ ಎಂದು ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಕೇಳಬೇಕೆಂದು ಮತ್ತೆ ಬಾಯಿ ತೆರೆದೆ. ಎರಡನೆಯ ಸಾಲಿನಲ್ಲಿ ಕೂತಿದ್ದ ವಿಶಾಲು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ನನ್ನನ್ನೇ ನೋಡಿ, ಬೇಡವೆಂದು ತಲೆಯಾಡಿಸಿದಳು. ಮದುವೆಯಾದ ಮೇಲೆ ಅವಳ ಮಾತನ್ನು ನಾನು ಅಷ್ಟು ಬೇಗ ಕೇಳಿದ್ದು ಅದೇ ಮೊದಲು. ಕೈ ಮುಗಿದು ಕೂತುಬಿಟ್ಟೆ. ರಾಯರಿಗೆ ಗಂಟಲು ಕಟ್ಟಿದೆ, ದೊಡ್ಡ ಮನಸ್ಸು ಎಂದು ಜನ ಮಾತಾಡಿಕೊಂಡರು. ಹಿಂದಿನಿಂದ ಅಭ್ಯಾಸಬಲದಿಂದ ಒಬ್ಬರು ಪೇಟ ಎತ್ತಿಕೊಳ್ಳಲು ಬಂದರು. ಅದು ತಲೆ ಬಿಟ್ಟು ಬರಲಿಲ್ಲ.

ಆಮೇಲೆ ಪ್ರಸನ್ನ ತನ್ನ ಕಂಪ್ಯೂಟರುಗಳಿಗೆಲ್ಲ ನನ್ನ ಪೇಟದ ಬದಲು ಶಿಲ್ಪಾಳ ಪಾರ್ಲರನ್ನು ಹಾಕಿದ. ಅದೇ ದಿನ ನನ್ನ ಸಂಖ್ಯೆ ನಿಂತಿತು. ಅವಳದ್ದು ಏರತೊಡಗಿತು, ಎದುರಿಗೆ ಸಿಕ್ಕರೆ ಅವಳೂ ಆರೋಗ್ಯ ಹೇಳುತ್ತಿರಲಿಲ್ಲ, ಸಂಖ್ಯೆ ಹೇಳುತ್ತಿದ್ದಳು. ಇತ್ತ ಸಂಘದ ಒಬ್ಬೊಬ್ಬ ಸದಸ್ಯರೂ ನಜರ್‌ಬಾದಿನ ಅಂಗಡಿಗೆ ಬರತೊಡಗಿದರು. 'ಸಂಘದ್ದು ಬ್ಯಾಡ ಕಣಮ್ಮ, ರಾಯ್ರಿಗೆ ಕೂತಂಗೆ ನಮ್ ತಲೇಗೂ ಒಂದು ಕೂರಿಸ್ಬುಡು. ಯಾವತ್ತು ಸನ್ಮಾನ ಬತ್ತದೋ ಏನೋ' ಎಂದು ವಿಶಾಲುವಿನ ಮುಂದೆ ತಲೆ ಒಡ್ಡಿ ಕೂರುತ್ತಿದ್ದರು. ದಸರಾ ಹೊತ್ತಿಗೆ ಮಿಕ್ಸಿಯ ಪೇಟ ಹೋಯಿತು, ಜಾಡಿಗಳ ಪೇಟ ಹೋಯಿತು, ಸಿಲಿಂಡರಿನದು ಒಬ್ಬ ಮದುವೆ ಗಂಡಿನ ಪಾಲಾಯಿತು. ಇವರಲ್ಲಿ ಯಾರೂ ನನ್ನ ಸೈಟು ನೋಡಿದವರಲ್ಲ.

ಆದರೂ ನನಗೆ ಒಂದು ಸಮಾಧಾನ ಉಳಿದಿತ್ತು. ಸಂಘದವರು ನನ್ನ ಸನ್ಮಾನದ ಪೇಟವನ್ನಾದರೂ ಸೈಟಿನ ಮೂಲಕವೇ ತರಿಸಿಕೊಂಡರಲ್ಲ. ಒಂದು ಸಂಜೆ ಸ್ಕೂಟರಿನ ಹಿಂದೆ ಕೂತಿದ್ದ ವಿಶಾಲುಗೆ ಇದನ್ನೇ ಹೇಳಿದೆ. ಅವಳು ಹೇಳಿದಳು: 'ಕಾರ್ಯದರ್ಶಿಗಳು ಅಂಗಡಿಗೇ ಬಂದಿದ್ರು ಕಣ್ರೀ. ಸಂಘದ ಪೇಟ ನಿಮ್ಮ ತಲೆಗೆ ಹಿಡಿಯಲ್ಲ, ಬೇರೆ ಬೇಕು ಅಂದ್ರು. ನಾನೇ ಪ್ರಸನ್ನಂಗೆ ಹೇಳಿ ನಿಮ್ಮದರಲ್ಲಿ ಹಾಕಿಸ್ದೆ. ಪಾಪ, ಎಷ್ಟು ದಿನದಿಂದ ಕಾಯ್ತಾ ಇದ್ರಿ, ನಿಮಗೂ ಒಂದು ಗಿರಾಕಿ ಬರ್ಲಿ ಅಂತ.' ನಾನು ಸ್ಕೂಟರ್ ನಿಧಾನ ಮಾಡಿದೆ. ಅಲ್ಲ ಕಣೇ, ನನ್ನ ತಲೆಯನ್ನು ನೀನು ಯಾವಾಗ ಅಳೆದೆ ಎಂದು ಕೇಳಿದೆ. 'ನಿಮ್ಮ ತಲೆ ಯಾಕೆ ಅಳೀಬೇಕು? ಅಟ್ಟದ ಮೇಲೆ ಆ ಖಾಲಿ ಕೊಳಗ ಇರ್ಲಿಲ್ವಾ, ಅದನ್ನ ಅಳೆದೆ' ಎಂದಳು.

ಪೇಟ ಈಗ ನಮ್ಮ ಹಾಲಿನಲ್ಲಿ ಆ ಕೊಳಗದ ಮೇಲೆಯೇ ಇದೆ. ಮನೆಗೆ ಬಂದವರು ಅದರ ಗಾತ್ರ ನೋಡಿ, ಇದು ಯಾರದು ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವುದರೊಳಗೆ ವಿಶಾಲು ಒಳಗಿನಿಂದಲೇ, ಅದು ನಮ್ಮ ವೆಬ್‌ಸೈಟಿನ ಗಿರಾಕಿಯದು ಎಂದು ಹೇಳುತ್ತಾಳೆ.